ಕಾಮಕಸ್ತೂರಿಯ ತೆನೆ

ಕಾಮಕಸ್ತೂರಿ ತುಳಸಿಯ ಬಳಗದ ಗಿಡ. ಬೆಳೆಸುವವರು ಮೊದಲು ಕಲಿಯುವುದು ಕುಡಿ ಚಿವುಟುವುದನ್ನು. ಚಿವುಟಿದಲ್ಲಿ ಎರಡು ಕವಲೊಡೆದು ಗಿಡ ಪೊದೆಯಾಗುತ್ತದೆ. ಬಿಟ್ಟರೆ ತೆನೆ ಬಂದು ಹೂ ಬಿಡುತ್ತದೆ. ಆಮೇಲೆ ಎಲೆ ಸಣ್ಣದಾಗುತ್ತಾ ಹೋಗಿ, ಬೀಜ ಬಲಿತ ಮೇಲೆ ಗಿಡ ಒಣಗುತ್ತದೆ.

ಮೈಸೂರಿನ ನಮ್ಮ ಮನೆಯ ಹಿತ್ತಲಲ್ಲಿ ಈ ಗಿಡ ಹೂ ಬಿಟ್ಟಿದ್ದನ್ನು ಬಹಳ ವರ್ಷ ನಾನು ನೋಡಿರಲೇ ಇಲ್ಲ. ಅಮ್ಮ ದಿನಾ ಸಂಜೆ ನಾಲ್ಕು ಕುಡಿ ಕಿತ್ತು, ಮಲ್ಲಿಗೆ ಕನಕಾಂಬರದ ಜೊತೆ ಕಟ್ಟಿ ಮುಡಿಯುತ್ತಿದ್ದಳು. ಅಪ್ಪ ಹೋದ ಮೇಲೆ ಮನೆಗೆ ಬಂದ ಹಿರಿಯರು ಯಾರೂ ಬಾಯಿಬಿಟ್ಟು ಏನೂ ಹೇಳಲಿಲ್ಲ. ಹೂವಿನವಳು ಮಾತ್ರ ನಮ್ಮ ಬಾಗಿಲು ದಾಟಿ ಪಕ್ಕದ ಮನೆಗೆ ಹೋಗತೊಡಗಿದಳು. ಅಮ್ಮ ಹಿತ್ತಲಿಗೆ ಹೋಗುವುದನ್ನೂ ನಿಲ್ಲಿಸಿದಳು.

ಕೆಲವೇ ವಾರಗಳಲ್ಲಿ ಗಿಡದ ತುಂಬ ತೆನೆ. ಸುತ್ತಿನ ಮೇಲೆ ಸುತ್ತಾಗಿ ಪುಟ್ಟ ಬಿಳಿ ಹೂಗಳು, ಬೆಳಗಾದರೆ ಜೇನ್ನೊಣಗಳ ಸದ್ದು. ಎಲೆ ಉಳಿಯಲೆಂದು ತೆನೆ ಮುರಿಯಲು ಹೋದೆ. ಅಡುಗೆಮನೆಯ ಕಿಟಕಿಯಿಂದಲೇ ಅಮ್ಮ ಅಂದಳು: "ಬಿಡೇ, ಅದಾದ್ರೂ ಹೂ ಬಿಡ್ಲಿ."

ಬಿಟ್ಟೆ. ತೆನೆ ಬುಡದಿಂದ ತುದಿಗೆ ಒಣಗುತ್ತಾ ಹೋಗುತ್ತದೆ. ತುದಿಯವರೆಗೆ ಕಾದರೆ ಬುಡದ ಬೀಜ ಆಗಲೇ ನೆಲಕ್ಕೆ ಉದುರಿರುತ್ತದೆ. ಮುಕ್ಕಾಲು ಪಾಲು ಕಂದು ಬಣ್ಣಕ್ಕೆ ತಿರುಗಿದಾಗ, ಇಬ್ಬನಿ ಆರಿದ ಮೇಲೆ ಕೊಯ್ಯಬೇಕು. ಹಳೇ ಸೀರೆಯ ಮೇಲೆ ಹರವಿ ನಾಲ್ಕು ದಿನ ನೆರಳಲ್ಲಿ ಒಣಗಿಸಿದೆ. ಅಂಗೈಯಲ್ಲಿ ಉಜ್ಜಿದರೆ ಒಂದೊಂದು ಸಿಪ್ಪೆಯೊಳಗೂ ಹೆಚ್ಚೆಂದರೆ ನಾಲ್ಕು ಕರಿ ಬೀಜ. ನನಗೆ ಕೇರಲು ಬಾರದು. ಅಮ್ಮ ನನ್ನ ಕೈಯಿಂದ ಮೊರ ತೆಗೆದುಕೊಂಡು ತಾನೇ ಕೇರಿದಳು. ಎಷ್ಟೋ ದಿನಗಳ ನಂತರ ಅವಳ ಕೈಗೆ ಆ ವಾಸನೆ ಹತ್ತಿತ್ತು.

ಬೇಸಿಗೆಯಲ್ಲಿ ಒಂದು ಚಮಚ ಬೀಜವನ್ನು ಒಂದು ಲೋಟ ನೀರಿಗೆ ಹಾಕಿಟ್ಟರೆ ಕಾಲು ಗಂಟೆಯಲ್ಲಿ ಲೋಳೆ ಕಟ್ಟಿ ಉಬ್ಬುತ್ತದೆ. ನಿಂಬೆಹಣ್ಣಿನ ಪಾನಕಕ್ಕೆ ಬೆರೆಸಿ ಇಬ್ಬರೂ ಕುಡಿದೆವು. ಉಳಿದ ಬೀಜವನ್ನು ಮಳೆಗಾಲಕ್ಕೆ ಮುಂಚೆ ಮಣ್ಣಿನ ಮೇಲುಮೇಲೆ ಉದುರಿಸಿದೆವು. ಒಂದು ವಾರದಲ್ಲಿ ಮೊಳೆತವು.

ಸಸಿ ಗೇಣುದ್ದವಾದಾಗ ಅಮ್ಮ ಒಂದು ಕುಡಿ ಚಿವುಟಿ ತುರುಬಿಗೆ ಸಿಕ್ಕಿಸಿಕೊಂಡಳು. ನಾನು ನೋಡಿದ್ದು ಗೊತ್ತಾಗಿ, "ಇದು ಎಲೆ ಕಣೇ, ಹೂವಲ್ಲ" ಅಂದಳು. ನಾನೇನೂ ಕೇಳಿರಲಿಲ್ಲ.

ಈಗ ಹಿತ್ತಲಲ್ಲಿ ಕಾಮಕಸ್ತೂರಿಯದ್ದೇ ಎರಡು ಪಾತಿ. ಒಂದನ್ನು ಅಮ್ಮ ದಿನಾ ಚಿವುಟುತ್ತಾಳೆ. ಇನ್ನೊಂದು ತನ್ನ ಪಾಡಿಗೆ ಹೂ ಬಿಡುತ್ತದೆ.