ದೊಡ್ಡದೋ, ಹಳೇದೋ?

ಅಮೆರಿಕದಲ್ಲಿ ಮಕ್ಕಳಿರುವ ನಮ್ಮಂಥ ಅಪ್ಪ-ಅಮ್ಮಂದಿರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತೆ. ಡಿಸ್ನಿ ನೋಡೋಕೆ ಫ್ಲೋರಿಡಾಗೆ ಹೋಗೋದಾ, ಇಲ್ಲ ಕ್ಯಾಲಿಫೋರ್ನಿಯಾದಲ್ಲಿರೋದನ್ನೇ ನೋಡೋದಾ? ಕೋಲಾರದ ನಮ್ಮ ಮನೆಯಲ್ಲಿ ಈ ಮಾತು ಎರಡು ತಿಂಗಳು ನಡೆಯಿತು. ಸೆಪ್ಟೆಂಬರಿನಲ್ಲಿ ನಾನೂ ನಮ್ಮ ಯಜಮಾನರೂ ಸ್ಯಾನ್ ಹೋಸೆಯಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ಮಗಳು, ಅಳಿಯ, ನಾಲ್ಕು ವರ್ಷದ ಮೊಮ್ಮಗಳು, ನಾವಿಬ್ಬರು, ಒಟ್ಟು ಐದು ಜನ. ಅವರಿಗೆ ಸಿಗೋದು ಒಂದೇ ವಾರದ ರಜ. ಆ ಒಂದು ವಾರ ಎಲ್ಲಿ ಕಳೆಯೋದು ಅನ್ನೋದೇ ಲೆಕ್ಕ.

ಗೊತ್ತಿಲ್ಲದವರಿಗಾಗಿ ಹೇಳ್ತೀನಿ. ಕ್ಯಾಲಿಫೋರ್ನಿಯಾದ ಅನಹೈಮ್ ಊರಲ್ಲಿರೋದು ಡಿಸ್ನಿಲ್ಯಾಂಡ್. 1955ರ ಜುಲೈ 17ಕ್ಕೆ ಶುರುವಾದದ್ದು. ಕಿತ್ತಳೆ ತೋಟಗಳಿದ್ದ 160 ಎಕರೆ ಜಾಗ ಕೊಂಡು ವಾಲ್ಟ್ ಡಿಸ್ನಿ ಒಂದೇ ವರ್ಷದಲ್ಲಿ ಕಟ್ಟಿಸಿದ ಪಾರ್ಕು ಅದು. ಫ್ಲೋರಿಡಾದ ಒರ್ಲ್ಯಾಂಡೊ ಹತ್ತಿರ ಇರೋದು ವಾಲ್ಟ್ ಡಿಸ್ನಿ ವರ್ಲ್ಡ್. ಅದು ಬಾಗಿಲು ತೆರೆದದ್ದು 1971ರ ಅಕ್ಟೋಬರ್ 1ಕ್ಕೆ. ಜಾಗ ಸುಮಾರು 40 ಚದರ ಮೈಲಿ. ನಮ್ಮ ಲೆಕ್ಕದಲ್ಲಿ 25 ಸಾವಿರ ಎಕರೆಗೂ ಮೇಲೆ! ಅಲ್ಲಿ ನಾಲ್ಕು ದೊಡ್ಡ ಪಾರ್ಕು, ಎರಡು ನೀರಾಟದ ಪಾರ್ಕು, ಸಾಲು ಸಾಲು ಹೋಟೆಲು. ಅನಹೈಮಿನಲ್ಲಿರೋದು ಎರಡೇ ಪಾರ್ಕು. ಎರಡರ ಗೇಟೂ ಎದುರುಬದುರು, ನಡೆದರೆ ಎರಡು ನಿಮಿಷ.

ಮಗಳು ಮೊದಲಿನಿಂದಲೂ ಫ್ಲೋರಿಡಾ ಅಂತಲೇ ಹಿಡಿದಿದ್ದಳು. "ಅಮ್ಮ, ಇಷ್ಟು ದೂರ ಬರ್ತಿದ್ದೀರ. ಜಗತ್ತಲ್ಲೇ ದೊಡ್ಡದನ್ನ ತೋರಿಸ್ತೀನಿ. ಇಲ್ಲಿರೋದು ಚಿಕ್ಕದು, ಹಳೇದು" ಅಂದಳು.

ನಮ್ಮ ಬಂಧು ಬಳಗ ಸುಮ್ಮನಿರುತ್ತಾ? ಮಾಲೂರಿನ ನಾದಿನಿ ಮಗನ ಜೊತೆ ಫ್ಲೋರಿಡಾ ನೋಡಿ ಬಂದವಳು. "ಅತ್ತಿಗೆ, ಯೋಚನೆನೇ ಮಾಡಬೇಡಿ, ಒರ್ಲ್ಯಾಂಡೊಗೇ ಹೋಗಿ. ಐದು ದಿನ ಸುತ್ತಿದ್ರೂ ನಮಗೆ ಮುಗೀಲಿಲ್ಲ" ಅಂತ ಫೋಟೊಗಳನ್ನೆಲ್ಲ ಕಳಿಸಿದಳು. ಮುಳಬಾಗಿಲಿನ ತಮ್ಮ ಒಂದು ಭಾನುವಾರ ಬಂದವನು ದೋಸೆ ತಿಂತಾ ಕೇಳಿದ: "ಅಕ್ಕಾ, ಐದು ದಿನ ಸುತ್ತಿದ್ರೂ ಮುಗೀಲಿಲ್ಲ ಅನ್ನೋದು ಹೊಗಳಿಕೆನಾ, ದೂರಾ? ಭಾವನ ಮಂಡಿ ನೋಡ್ಕೊಂಡು ತೀರ್ಮಾನ ಮಾಡು." ಶ್ರೀನಿವಾಸಪುರದ ಚಿಕ್ಕಮ್ಮನಿಗೆ ಎರಡೂ ಒಂದೇ. "ಮಗು ಜೊತೆ ಎಲ್ಲಿ ಜಾಸ್ತಿ ಹೊತ್ತು ಕೂತಿರಬಹುದೋ ಅಲ್ಲಿಗೆ ಹೋಗಮ್ಮ" ಅಂದುಬಿಟ್ಟರು. ಎಂಬತ್ತು ದಾಟಿದವರ ಮಾತು. ಆವತ್ತು ನಕ್ಕು ಸುಮ್ಮನಾದೆ, ಆಮೇಲೆ ಆ ಮಾತೇ ತಲೆಯಲ್ಲಿ ಉಳೀತು.

ಮಗಳ ಹಟಕ್ಕೊಂದು ಹಿನ್ನೆಲೆ ಇದೆ. ನಮ್ಮ ಯಜಮಾನರು ಕೆ.ಜಿ.ಎಫ್. ಚಿನ್ನದ ಗಣಿಯಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದವರು. ಗಣಿಗೆ ಇಳಿದವರ, ಮೇಲೆ ಬಂದವರ ಹಾಜರಿ ಬರೆಯುವ ಕೆಲಸ. 2001ರಲ್ಲಿ ಮಗಳು ಮೂರನೇ ಕ್ಲಾಸು. ಆ ಬೇಸಿಗೆ ರಜಕ್ಕೆ ಮದ್ರಾಸಿನ ಕಿಷ್ಕಿಂಟಾಗೆ ಕರ್ಕೊಂಡು ಹೋಗ್ತೀನಿ ಅಂತ ಅವರು ಮಾತು ಕೊಟ್ಟಿದ್ದರು. ತಾಂಬರಂ ಹತ್ತಿರದ ಆ ಪಾರ್ಕಿನ ಹೆಸರು ಆಗ ಮಕ್ಕಳ ಬಾಯಲ್ಲೆಲ್ಲ. ಇವಳು ಫ್ರಾಕು ಮಡಚಿ ಬ್ಯಾಗಿಗೆ ಇಟ್ಟುಕೊಂಡು ದಿನ ಎಣಿಸ್ತಿದ್ದಳು. ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನಾವು ಕೋಲಾರಕ್ಕೆ ಬಂದೆವು. ಯಜಮಾನರು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯೋಕೆ ಸೇರಿದರು. ಕಿಷ್ಕಿಂಟಾ ಮಾತು ಮತ್ತೆ ಯಾರೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ. ಒಂಬತ್ತು ವರ್ಷದ ಮಗು ಕೇಳದೇ ಇದ್ದದ್ದು ಅವರಿಗೆ ಎಷ್ಟು ನಾಟಿತ್ತು ಅಂತ ನನಗೆ ಗೊತ್ತು.

ಈಗ ಅವಳು ದುಡೀತಾಳೆ. ಅಪ್ಪನಿಗೆ ತೋರಿಸೋದಾದ್ರೆ ದೊಡ್ಡದನ್ನೇ ತೋರಿಸಬೇಕು ಅನ್ನೋದು ಅವಳ ಆಸೆ. ಅಂಥ ಆಸೆಗೆ ಬೇಡ ಅನ್ನೋದು ಹೇಗೆ? ಅವರಂತೂ ಫೋನಿನಲ್ಲಿ "ನಿನ್ನಿಷ್ಟ ಕಣಮ್ಮ" ಅಂದು ಎದ್ದು ಹೋಗ್ತಿದ್ದರು. ಹಾಗಾಗಿ ಕಾಗದ ಪೆನ್ನು ಹಿಡಿದು ಕೂರೋದು ನನ್ನ ಪಾಲಿಗೆ ಬಂತು.

ಮೊದಲು ದೂರ. ಸ್ಯಾನ್ ಹೋಸೆಯಿಂದ ಒರ್ಲ್ಯಾಂಡೊ ಅಂದ್ರೆ ದೇಶದ ಈ ತುದಿಯಿಂದ ಆ ತುದಿ. ವಿಮಾನದಲ್ಲೇ ಐದು ಗಂಟೆಗೂ ಮೇಲೆ, ಗಡಿಯಾರ ಮೂರು ಗಂಟೆ ಮುಂದೆ. ಬೆಂಗಳೂರಿಂದ ಹೊರಟು ಹಗಲು ರಾತ್ರಿ ಅದಲುಬದಲಾಗಿ, ಅದು ಸರಿಹೋಗೋ ಹೊತ್ತಿಗೆ ಇನ್ನೊಂದು ಸಲ ನಿದ್ದೆ ಕೆಡಬೇಕು. ಅನಹೈಮ್ ಆದ್ರೆ ಕಾರಿನಲ್ಲಿ ಆರು ಗಂಟೆ, ಹೆಚ್ಚುಕಡಿಮೆ ಬೆಂಗಳೂರಿಂದ ಹೈದರಾಬಾದಿಗೆ ಹೋದಷ್ಟು ದೂರ. ಬೇಕೆಂದ ಕಡೆ ನಿಲ್ಲಿಸಿ ಕಾಲು ಚಾಚಬಹುದು.

ಆಮೇಲೆ ಹವೆ. ಸೆಪ್ಟೆಂಬರಿನಲ್ಲಿ ಫ್ಲೋರಿಡಾ ಅಂದ್ರೆ ಸೆಖೆ, ಮಧ್ಯಾಹ್ನವಾದರೆ ಗುಡುಗು ಮಳೆ, ಅದರ ಮೇಲೆ ಚಂಡಮಾರುತದ ಕಾಲ. ಜೂನ್‌ನಿಂದ ನವೆಂಬರ್‌ವರೆಗೂ ಅಲ್ಲಿ ಆ ಭಯ ಇದ್ದೇ ಇರುತ್ತೆ. ಅನಹೈಮಿನಲ್ಲೂ ಬಿಸಿಲು ಇದೆ, ಆದರೆ ಅದು ನಮ್ಮ ಕೋಲಾರದ ಥರ ಒಣ ಬಿಸಿಲು. ನಮಗೆ ಅಭ್ಯಾಸ ಆಗಿರೋದೇ.

ದುಡ್ಡಿನ ಮಾತೂ ಬರಬೇಕಲ್ಲ. ಎರಡು ಕಡೆಯೂ ಟಿಕೆಟ್ ದರ ದಿನದಿಂದ ದಿನಕ್ಕೆ ಬೇರೆ ಬೇರೆ. ತಲೆಗೆ ದಿನಕ್ಕೆ 100 ಡಾಲರಿಗೆ ಮೇಲೇ ಹಿಡೀಬೇಕು. ಮೂರು ವರ್ಷ ತುಂಬಿದ ಮಗುವಿಗೂ ಟಿಕೆಟ್ ಉಂಟು. ಎರಡು ಪಾರ್ಕಿಗೆ ಎರಡು ದಿನ ಸಾಕು, ನಾಲ್ಕು ಪಾರ್ಕಿಗೆ ಕನಿಷ್ಠ ನಾಲ್ಕು ದಿನ ಬೇಕು. ಇದರ ಮೇಲೆ ಐದು ಜನರ ವಿಮಾನ. ಅವಳು ಕೊಡೋಕೆ ಸಿದ್ಧ ಅನ್ನೋದು ಬೇರೆ ವಿಷಯ. ನಾನು ಕೂಡಿ ನೋಡಿದ ಮೊತ್ತ ಅವಳಿಗೆ ಹೇಳಲಿಲ್ಲ, ನನಗಂತೂ ಎದೆ ಧಸಕ್ ಅಂತು.

ಆದರೂ "ಚಿಕ್ಕದು, ಹಳೇದು" ಅನ್ನೋ ಅವಳ ಮಾತು ಉಳಿದೇ ಇತ್ತು. ಕೋಲಾರದವರಿಗೆ ಈ ತೂಕ ಹೊಸದಲ್ಲ. ನಮ್ಮಲ್ಲಿಗೆ ಬಂದ ನೆಂಟರನ್ನು ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಕರೆದುಕೊಂಡು ಹೋಗ್ತೀವಿ. 108 ಅಡಿಯ ಲಿಂಗ, 35 ಅಡಿಯ ನಂದಿ, ಸುತ್ತ ಕಣ್ಣು ಹಾಯಿಸಿದಷ್ಟೂ ಲಿಂಗಗಳು. ನೆಂಟರು ಬಾಯಿ ಬಿಟ್ಟುಕೊಂಡು ನೋಡ್ತಾರೆ, ಫೋಟೊ ತೆಗೀತಾರೆ. ಆದರೆ ಮನಸ್ಸಿಗೆ ಏನಾದರೂ ಆದಾಗ ನಾವು ಹೋಗೋದು ಊರೊಳಗಿನ ಕೋಲಾರಮ್ಮನ ಹತ್ತಿರ. ಚೋಳರ ಕಾಲದ ಗುಡಿ, ಎತ್ತರವೇನಿಲ್ಲ, ಒಳಗೆ ಚೇಳಮ್ಮನೂ ಇದ್ದಾಳೆ. ಅರ್ಧ ಗಂಟೆಯಲ್ಲಿ ಎಲ್ಲ ನೋಡಿ ಮುಗಿಸಬಹುದು, ಆದರೆ ಒಂದು ಗಂಟೆ ಕೂತು ಬರ್ತೀವಿ. ದೊಡ್ಡದನ್ನು ಬೈಯೋಕೆ ಈ ಮಾತಲ್ಲ. ಎರಡಕ್ಕೂ ಹೋಗೋ ಕಾರಣ ಬೇರೆ ಬೇರೆ, ಅಷ್ಟೇ.

ಅಂದ ಹಾಗೆ, ಒಂದು ತಮಾಷೆ ಗೊತ್ತಾ? ಡಿಸ್ನಿಲ್ಯಾಂಡಿನ ಆ ಹೆಸರಾಂತ ಕೋಟೆ ಇರೋದು 77 ಅಡಿ ಎತ್ತರ. ನಮ್ಮ ಕಮ್ಮಸಂದ್ರದ ಲಿಂಗಕ್ಕಿಂತ ಗಿಡ್ಡ! ಫ್ಲೋರಿಡಾದ ಕೋಟೆ 189 ಅಡಿ. ಇದನ್ನು ಹೇಳಿದಾಗ ತಮ್ಮ ಹೊಟ್ಟೆ ಹಿಡ್ಕೊಂಡು ನಕ್ಕ.

ಹಳೇದರ ಕಥೆ ಓದ್ತಾ ಓದ್ತಾ ನನಗೆ ಅದರ ಮೇಲೆ ಪ್ರೀತಿ ಬಂತು. ಉದ್ಘಾಟನೆ ದಿನ ಅಲ್ಲಿ ಆದದ್ದೆಲ್ಲ ನಮ್ಮ ಮದುವೆ ಮನೆಯ ಫಜೀತಿಯ ಹಾಗೇ ಇದೆ. ಹಿಂದಿನ ರಾತ್ರಿಯವರೆಗೂ ಕೆಲಸ ನಡೀತಿತ್ತು. ಹೊಸದಾಗಿ ಹಾಕಿದ ಡಾಂಬರು ಬಿಸಿಲಿಗೆ ಮೆತ್ತಗಾಗಿ ಹೆಂಗಸರ ಹೈ ಹೀಲ್ಸ್ ಹೂತುಕೊಂಡವು. ನಲ್ಲಿ ಕೆಲಸದವರು ಮುಷ್ಕರ ಹೂಡಿದ್ದರಿಂದ ಕುಡಿಯುವ ನೀರಿಗೆ ತೊಂದರೆ. ಕರೆಯದವರೂ ಬಂದು ಜನವೋ ಜನ. ಅಲ್ಲಿಂದ ಶುರುವಾದದ್ದಕ್ಕೆ 2025ಕ್ಕೆ 70 ವರ್ಷ ತುಂಬಿತು. ವಾಲ್ಟ್ ಡಿಸ್ನಿ ತೀರಿಹೋದದ್ದು 1966ರಲ್ಲಿ. ಫ್ಲೋರಿಡಾದ್ದನ್ನು ನೋಡೋಕೆ ಆತ ಇರಲೇ ಇಲ್ಲ. ಆತ ಓಡಾಡಿ, ಅದು ಸರಿಯಿಲ್ಲ ಇದು ಸರಿಯಿಲ್ಲ ಅಂತ ತಿದ್ದಿಸಿದ್ದು ಈ ಚಿಕ್ಕದನ್ನೇ.

ಇನ್ನು ನಾನು ಮಗಳಿಗೂ ಹೇಳೋಕೆ ಹಿಂದೆಮುಂದೆ ನೋಡಿದ ವಿಷಯ. ಡಿಸ್ನಿಲ್ಯಾಂಡಿನಲ್ಲಿ ಬಿಗ್ ಥಂಡರ್ ಮೌಂಟನ್ ಅಂತ ಒಂದು ರೈಲಿದೆ, 1979ರದ್ದು. ಹಳೆಯ ಚಿನ್ನದ ಗಣಿಯ ಥರ ಕಟ್ಟಿದ್ದಾರೆ. ಕೆಂಪು ಬಂಡೆ, ಸುರಂಗ, ಅದಿರು ಸಾಗಿಸುವ ಗಾಡಿಗಳ ರೈಲು. ಕ್ಯಾಲಿಫೋರ್ನಿಯಾದಲ್ಲಿ 1848ರಲ್ಲಿ ಚಿನ್ನ ಸಿಕ್ಕಿ ಜನ ಮುಗಿಬಿದ್ದರಲ್ಲ, ಆ ಕಾಲದ ನೆನಪು. ಜನ ದುಡ್ಡು ಕೊಟ್ಟು, ಸಾಲಿನಲ್ಲಿ ನಿಂತು, ಕಿರುಚುತ್ತಾ ಕೂತು ಬರ್ತಾರೆ. ಫ್ಲೋರಿಡಾದಲ್ಲೂ ಇಂಥದ್ದೇ ಒಂದಿದೆ, ಹಾಗಾಗಿ ಎಲ್ಲಿಗೆ ಹೋದರೂ ಇದು ತಪ್ಪಿದ್ದಲ್ಲ. ನಮ್ಮ ಯಜಮಾನರು ಚಾಂಪಿಯನ್ ರೀಫ್ ಬಾವಿಯನ್ನು ನೋಡಿದವರು. ಮೂರು ಕಿಲೋಮೀಟರಿಗೂ ಹೆಚ್ಚು ಆಳ, ಒಳಗೆ ಕುದಿಯೋ ಸೆಖೆ. ಸಂಜೆ ಹಾಜರಿ ಪುಸ್ತಕದಲ್ಲಿ ಇಳಿದವರ ಲೆಕ್ಕ, ಮೇಲೆ ಬಂದವರ ಲೆಕ್ಕ ಸರಿಹೋದ ಮೇಲೇ ಅವರು ಮನೆಗೆ ಬರ್ತಿದ್ದದ್ದು. ಸರಿಹೋಗದ ದಿನಗಳೂ ಇದ್ದವು. ಇಂಥವರಿಗೆ ಆಟದ ಗಣಿ ತೋರಿಸೋದಾ?

ಇದಕ್ಕೆ ಸರಿಯಾಗಿ ಇನ್ನೊಂದು ಕಣ್ಣಿಗೆ ಬಿತ್ತು. ಅನಹೈಮಿನ ಎರಡನೇ ಪಾರ್ಕು ಶುರುವಾದದ್ದು 2001ರ ಫೆಬ್ರವರಿ 8ಕ್ಕೆ. ನಮ್ಮ ಗಣಿ ಮುಚ್ಚೋಕೆ ಸರಿಯಾಗಿ ಇಪ್ಪತ್ತು ದಿನ ಮೊದಲು.

ರಾತ್ರಿ ಊಟದ ಹೊತ್ತಿಗೆ ಅವರಿಗೆ ಎಲ್ಲ ಹೇಳಿದೆ. ಮೊಬೈಲಿನಲ್ಲಿ ಆ ರೈಲಿನ ವಿಡಿಯೊನೂ ತೋರಿಸಿದೆ. ಕನ್ನಡಕ ಹಾಕ್ಕೊಂಡು ಎರಡು ಸಲ ನೋಡಿದರು. "ಹಳಿ ಚೆನ್ನಾಗಿ ಹಾಕಿದಾರೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಇಲ್ಲಿ ಹೋದೋರೆಲ್ಲ ನಗ್ತಾ ಆಚೆ ಬರ್ತಾರಲ್ಲ, ನೋಡೋಕೆ ಚೆನ್ನಾಗಿರುತ್ತೆ" ಅಂದರು. ನಾನು ಮತ್ತೇನೂ ಕೇಳಲಿಲ್ಲ.

ಮಾರನೇ ದಿನ ಮಗಳ ಹತ್ತಿರ ಅವರೇ ಮಾತಾಡಿದರು. "ನೋಡಮ್ಮ, ಫ್ಲೋರಿಡಾ ದೊಡ್ಡದೇ, ಒಪ್ತೀನಿ. ಅಲ್ಲಿಗೆ ಹೋದ್ರೆ ನೀವು ಮೂರು ಜನ ಮುಂದೆ ಓಡ್ತೀರ, ನಾನೂ ನಿಮ್ಮಮ್ಮನೂ ಎಲ್ಲೋ ಬೆಂಚಿನ ಮೇಲೆ ಕೂತು ನಿಮ್ಮ ಫೋನಿಗೆ ಕಾಯ್ತೀವಿ. ಇಲ್ಲಾದ್ರೆ ಕೂತಿದ್ದಲ್ಲಿಂದ ನೀವು ಕಾಣ್ತೀರ. ನನಗೆ ಪಾರ್ಕು ನೋಡೋದಲ್ಲ, ನೀನು ಆಡೋದನ್ನ ನೋಡಬೇಕು. ಆವತ್ತು ಅದೇ ತಪ್ಪಿಹೋಗಿದ್ದು." ಆ ಕಡೆ ಮಾತಿಲ್ಲ. ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಆಮೇಲೆ ಅವಳು, "ಅಪ್ಪ, ಆ ಬ್ಯಾಗು ನೀಲಿದು ಅಲ್ವಾ?" ಅಂದಳು. "ಹೂಂ, ಜಿಪ್ಪು ಕೆಟ್ಟಿತ್ತು" ಅಂದರು ಇವರು. ಕಿಷ್ಕಿಂಟಾ ಮಾತು ನಮ್ಮನೆಯಲ್ಲಿ ಮತ್ತೆ ಬಂದದ್ದು ಅವತ್ತೇ.

ಹಾಗಂತ ಬಿಟ್ಟದ್ದೇನೂ ಇಲ್ಲ ಅಂತಲ್ಲ. ಫ್ಲೋರಿಡಾದಲ್ಲಿ ಆನೆ, ಜಿರಾಫೆ ಎಲ್ಲ ಇರೋ ಅನಿಮಲ್ ಕಿಂಗ್‌ಡಮ್ ಇದೆ, ಮೊಮ್ಮಗಳಿಗೆ ಖುಷಿಯಾಗ್ತಿತ್ತು. ಎಪ್ಕಾಟ್‌ನಲ್ಲಿ ದೇಶದೇಶಗಳ ಮಾದರಿ ಇದೆಯಂತೆ, ನನಗೇ ನೋಡೋ ಆಸೆ ಇತ್ತು. ಅವೆಲ್ಲ ಅವಳು ದೊಡ್ಡವಳಾಗಿ, ಅಪ್ಪ-ಅಮ್ಮನ ಜೊತೆ ಓಡಾಡೋ ಕಾಲಕ್ಕೆ ಇರಲಿ.

ಈಗ ನಮ್ಮ ಪ್ಲಾನು ಹೀಗಿದೆ. ಒಂದು ದಿನ ಹಳೇ ಪಾರ್ಕು, ಮಾರನೇ ದಿನ ಹೋಟೆಲಿನಲ್ಲಿ ವಿಶ್ರಾಂತಿ, ಮೂರನೇ ದಿನ ಎರಡನೇ ಪಾರ್ಕು. ಹೋಟೆಲು ಗೇಟಿಗೆ ನಡೆದು ಹೋಗುವಷ್ಟು ಹತ್ತಿರದಲ್ಲೇ ಹಿಡೀಬೇಕು ಅಂತ ಹೇಳಿದ್ದೇವೆ, ಮಧ್ಯಾಹ್ನ ಬಂದು ಒಂದು ನಿದ್ದೆ ತೆಗೆದು ಸಂಜೆ ಮತ್ತೆ ಹೋಗಬಹುದು. ಮಂಡಿ ನೋವು ಜಾಸ್ತಿಯಾದ್ರೆ ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತೆ. ನಾವು ತಿನ್ನೋ ಊಟ ತಗೊಂಡು ಹೋಗೋಕೂ ಬಿಡ್ತಾರೆ, ಗಾಜಿನ ಡಬ್ಬಿ ಇರಬಾರದು ಅಷ್ಟೇ. ಹಾಗಾಗಿ ಪುಳಿಯೋಗರೆ ಗೊಜ್ಜು ನನ್ನ ಸೂಟ್‌ಕೇಸಿನಲ್ಲಿ ಬರುತ್ತೆ. ಪಾರ್ಕಿನ ಸುತ್ತ ಉಗಿಬಂಡಿಯೊಂದು ಓಡುತ್ತೆ, 1955ರಿಂದಲೂ ಇದೆ. ಯಜಮಾನರಿಗೂ ಮೊಮ್ಮಗಳಿಗೂ ಮೊದಲು ಅದು. ಗಣಿ ರೈಲಿಗೆ 40 ಇಂಚು ಎತ್ತರ ಇರಬೇಕು, ಮೊಮ್ಮಗಳು ಈಗ 38. ಹಾಗಾಗಿ ಅಜ್ಜ-ಮೊಮ್ಮಗಳು ಆಚೆ ನಿಂತು, ಒಳಗೆ ಹೋದ ಅವಳ ಅಮ್ಮ ವಾಪಸ್ ಬರೋದನ್ನ ಕಾಯಬೇಕು.

ನಿಮ್ಮ ಮನೆಯಲ್ಲೂ ಇಂಥ ಲೆಕ್ಕ ನಡೀತಿದ್ದರೆ, ಜಾಗ ಎಷ್ಟು ಎಕರೆ ಅಂತ ನೋಡೋ ಮೊದಲು, ಜೊತೆಯಲ್ಲಿ ಹೋಗೋರಲ್ಲಿ ಯಾರ ಕಾಲು ಎಲ್ಲರಿಗಿಂತ ನಿಧಾನ ಅಂತ ನೋಡಿ. ಅವರು ಎಲ್ಲಿಯವರೆಗೆ ನಡೀಬಲ್ಲರೋ, ನಿಮ್ಮ ಪಾರ್ಕು ಅಷ್ಟೇ ದೊಡ್ಡದಿದ್ದರೆ ಸಾಕು.