ಪ್ರತಿಯಿಲ್ಲದ ಗ್ರಂಥ: ಸವಣೂರಿನ ದೊಡ್ಡಹುಣಸೆ

ಶಾಸನಗಳು ಪುಲಿಗೆರೆಯೆಂದು ಕರೆದ ಊರೇ ಇಂದಿನ ಲಕ್ಷ್ಮೇಶ್ವರ. ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನೆಲೆಗಳಲ್ಲಿ ಒಂದೆಂದು ಹೆಸರಿಸಿದ ನಾಡದು. ಅಲ್ಲಿಂದ ನೈಋತ್ಯಕ್ಕೆ ಸಾಗಿದರೆ ನವಾಬರ ಊರಾದ ಸವಣೂರು ಸಿಗುತ್ತದೆ. ಇಂದು ಒಂದು ಗದಗ ಜಿಲ್ಲೆಗೆ, ಇನ್ನೊಂದು ಹಾವೇರಿ ಜಿಲ್ಲೆಗೆ ಸೇರಿದ್ದರೂ 1997ರವರೆಗೆ ಎರಡೂ ಧಾರವಾಡ ಜಿಲ್ಲೆಯವೇ ಆಗಿದ್ದವು. ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ ಶತಮಾನಗಳಿಂದ ಬೆಳೆದು ಬಂದ ಮೂರು ಮಹಾವೃಕ್ಷಗಳಿವೆ. ಮಠದ ಹೆಸರಿನಲ್ಲಿಯೇ ಮರವಿದೆ.

ಹೆಸರು ದೊಡ್ಡಹುಣಸೆಯಾದರೂ ಇದು ಹುಣಸೆಯ ಜಾತಿಯದಲ್ಲ; ಆಫ್ರಿಕಾ ಮೂಲದ ಬಾವೊಬಾಬ್. ಕಾಯಿಯೊಳಗಿನ ತಿರುಳಿನ ಹುಳಿಯನ್ನು ಕಂಡು ಜನ ತಮಗೆ ಪರಿಚಿತವಾದ ಮರದ ಹೆಸರನ್ನೇ ಇದಕ್ಕೂ ಕೊಟ್ಟರು. ಶ್ರೀಕೃಷ್ಣನೇ ಇದನ್ನು ತಂದು ನೆಟ್ಟನೆಂಬ ಐತಿಹ್ಯವೂ ಬೆಳೆಯಿತು. ಭಾರತದ ಬಾವೊಬಾಬ್‌ಗಳು ಆಫ್ರಿಕಾದ ಬೇರೆ ಬೇರೆ ಭಾಗಗಳಿಂದ ಹಲವು ಬಾರಿ ಬಂದವೆಂದು 2015ರಲ್ಲಿ ಪ್ರಕಟವಾದ ತಳಿಶಾಸ್ತ್ರೀಯ ಅಧ್ಯಯನವೊಂದು ತೋರಿಸಿದೆ. ಅನ್ಯಭಾಷೆಯ ಪದ ಕನ್ನಡದ ಬಾಯಲ್ಲಿ ಪಳಗಿ ತದ್ಭವವಾಗುವಂತೆ ಈ ಮರವೂ ಇಲ್ಲಿ ತದ್ಭವವಾಗಿದೆ.

ಇವುಗಳಿಗೆ ಎರಡು ಸಾವಿರ ವರ್ಷ ವಯಸ್ಸೆಂದು ಹೇಳುವವರುಂಟು. ಬಾವೊಬಾಬ್‌ನ ಕಾಂಡ ಒಳಗೆ ಪೊಳ್ಳಾಗುವುದರಿಂದ ಉಂಗುರಗಳನ್ನೆಣಿಸಿ ವಯಸ್ಸನ್ನು ನಿರ್ಧರಿಸಲಾಗದು. ಇಂಗಾಲದ ಕಾಲನಿರ್ಣಯವೇ ಬೇಕು. ಆದರೆ ರಕ್ಷಣೆಗೆ ಆ ಲೆಕ್ಕವೇ ಆಧಾರವಾಗಬೇಕಿಲ್ಲ. ಕಾಲ ನಿರ್ಧಾರವಾಗದ ಕೃತಿಯನ್ನು ಸಾಹಿತ್ಯಚರಿತ್ರೆ ಕೈಬಿಡುವುದಿಲ್ಲವಷ್ಟೆ.

2023ರ ಮಳೆಗಾಲದಲ್ಲಿ ಈ ಮೂರರಲ್ಲಿ ಒಂದು ಮರ ಉರುಳಿತು. ಅದನ್ನು ಎತ್ತಿ ಮರಳಿ ನೆಟ್ಟು ಉಳಿಸುವ ಯತ್ನವೂ ನಡೆಯಿತು. ಆಫ್ರಿಕಾದ ಸ್ಥಿತಿಯೂ ಆತಂಕಕಾರಿಯೇ. ಅಲ್ಲಿನ 13 ಅತಿ ಪ್ರಾಚೀನ ಬಾವೊಬಾಬ್‌ಗಳಲ್ಲಿ 9 ಮರಗಳು ಹನ್ನೆರಡು ವರ್ಷಗಳಲ್ಲಿ ಪೂರ್ಣವಾಗಿಯೋ ಭಾಗಶಃವೋ ಸತ್ತಿವೆಯೆಂದು 2018ರ ಸಂಶೋಧನೆ ದಾಖಲಿಸಿತು. ಮಹಾವೃಕ್ಷ ಅಚಲವೆಂಬ ನಂಬಿಕೆಯೇ ಅದರ ಆರೈಕೆಯನ್ನು ಮರೆಸುತ್ತದೆ.

ಗದಗ ಸಮೀಪದ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯ ಇಂದು ಸಂರಕ್ಷಿತ ಸ್ಮಾರಕ. ಇಂಥ ಸ್ಮಾರಕಗಳ ಸುತ್ತ 100 ಮೀಟರ್ ಪ್ರದೇಶವನ್ನು ಕಾಯ್ದೆ ನಿಷೇಧಿತವೆಂದು ಸಾರುತ್ತದೆ. ಅದೇ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಓಲೆಗರಿ ಜೀರ್ಣವಾದರೆ ಪ್ರತಿ ಮಾಡಬಹುದು. ಕಲ್ಲು ಕುಸಿದರೆ ಮರಳಿ ಜೋಡಿಸಬಹುದು. ಬೀಜದಿಂದ ಮರದ ವಂಶವನ್ನು ಮುಂದುವರಿಸಬಹುದಾದರೂ ಅದರ ಶತಮಾನಗಳನ್ನು ಮರಳಿ ಬೆಳೆಸಲಾಗದು. ದೊಡ್ಡಹುಣಸೆ ಪ್ರತಿಯಿಲ್ಲದ ಗ್ರಂಥ.

ಇದಕ್ಕೆ ದಾರಿಯಿಲ್ಲವೆಂದಲ್ಲ. 2002ರ ಜೀವವೈವಿಧ್ಯ ಕಾಯ್ದೆಯ 37ನೆಯ ಕಲಮು, ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ ಪಾರಂಪರಿಕ ತಾಣಗಳನ್ನು ಘೋಷಿಸುವ ಅಧಿಕಾರವನ್ನು ರಾಜ್ಯಗಳಿಗೆ ನೀಡಿದೆ. ದೇವನಹಳ್ಳಿ ಸಮೀಪದ ನಲ್ಲೂರಿನ ಹುಣಸೆತೋಪಿಗೆ 2007ರಲ್ಲಿಯೇ ಆ ಮನ್ನಣೆ ದೊರೆಯಿತು. ಆದರೆ ಫಲಕ ನೆಟ್ಟರೆ ಸಾಲದು. ಕಲ್ಲಿನ ಸ್ಮಾರಕಕ್ಕೆ ಗೋಡೆಯೇ ಎಲ್ಲೆ. ಮರದ ಸ್ಮಾರಕ ಬೇರು ಹಬ್ಬಿದಷ್ಟು ದೂರವೂ ಇರುತ್ತದೆ. ಬುಡಕ್ಕೆ ಸಿಮೆಂಟು ಬಳಿದು ಕಟ್ಟಿದ ಕಟ್ಟೆ ಭಕ್ತಿಯ ಕುರುಹಾದೀತು. ಬೇರಿಗೆ ಗಾಳಿ, ನೀರು ತಪ್ಪಿಸುವುದೂ ಅದೇ. ಕಾಪಾಡಬೇಕಾದುದು ಕಾಂಡವನ್ನಷ್ಟೇ ಅಲ್ಲ, ಅದು ನಿಂತ ಮಣ್ಣನ್ನೂ. ಹೊರಗಿನಿಂದ ಬಂದ ಮರಕ್ಕೆ ತನ್ನ ಅಡುಗೆಮನೆಯ ಹೆಸರಿಟ್ಟು ಕರೆದ ನಾಡಿಗೆ ಈ ಹೊಣೆ ಹೊಸದಾಗಬಾರದು.