ಸಿಂಗಟಗೆರೆಯ ರಾಗಿ ಮೈಸೂರಿಗೆ ಹೋಗಿ ಬಂತು

ಕಡೂರಿನಲ್ಲಿ ಬಸ್ಸು ಹತ್ತಿ ಸಿಂಗಟಗೆರೆಯ ಕಡೆ ಹೊರಟರೆ, ಇದೂ ಚಿಕ್ಕಮಗಳೂರು ಜಿಲ್ಲೆಯೇ ಎಂದರೆ ನೀವು ನಂಬಲಾರಿರಿ. ಕಾಫಿ ತೋಟವಿಲ್ಲ, ಜಡಿಮಳೆಯಿಲ್ಲ. ಮೋಡಗಳನ್ನೆಲ್ಲ ಬೆಟ್ಟಗಳು ಆಚೆಗೇ ತಡೆದುಬಿಡುತ್ತವೆ. ಈಚೆ ಉಳಿದದ್ದು ಬಯಲು, ತೆಂಗು, ರಾಗಿ ಹೊಲ.

ಈ ಊರಿನಲ್ಲಿ ನನ್ನ ಅಕ್ಕನ ಮನೆ. ಕಳೆದ ವರ್ಷ ಹೋದಾಗ ಅಲ್ಲೊಂದು ಚಿಂತೆ. ಸೊಸೆಯ ಎಂಟು ತಿಂಗಳ ಕೂಸು ರಾಗಿ ಸರಿಯನ್ನು ಹೊಟ್ಟೆ ತುಂಬ ತಿನ್ನುತ್ತಿತ್ತು. ತೂಕ ಮಾತ್ರ ಏರುತ್ತಿರಲಿಲ್ಲ. ಡಾಕ್ಟರಿಗೆ ತೋರಿಸಿದ್ದೂ ಆಗಿತ್ತು, ಕಾಯಿಲೆ ಏನಿಲ್ಲ ಎಂದಿದ್ದರು.

ಅಕ್ಕನ ಮಗಳು ಒಂಬತ್ತನೇ ತರಗತಿ. ವಿಜ್ಞಾನವೆಂದರೆ ಬಾಯಿಪಾಠ ಎಂದುಕೊಂಡಿದ್ದ ಹುಡುಗಿ. ಸೆಪ್ಟೆಂಬರಿನಲ್ಲಿ ಅವಳನ್ನು ರೈಲಿನಲ್ಲಿ ಅರಸೀಕೆರೆ, ಹಾಸನದ ಮೇಲೆ ಮೈಸೂರಿಗೆ ಕರೆದುಕೊಂಡು ಹೋದೆ. ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಸಿಎಫ್‌ಟಿಆರ್‌ಐ ಹೆಸರು ನೀವು ಕೇಳಿಯೇ ಇರುತ್ತೀರಿ. ಆಹಾರದ ಮೇಲೆಯೇ ಸಂಶೋಧನೆ ನಡೆಸುವ ಸಂಸ್ಥೆ. ಅದರ ಮಾತೃಸಂಸ್ಥೆ ಸಿಎಸ್‌ಐಆರ್ ಹುಟ್ಟಿದ್ದು 1942ರ ಸೆಪ್ಟೆಂಬರ್ 26ರಂದು. ಆ ದಿನದ ನೆನಪಿಗೆ ಶಾಲಾಮಕ್ಕಳಿಗೆ ಪ್ರಯೋಗಾಲಯದ ಬಾಗಿಲು ತೆರೆಯುವುದುಂಟು. ಮಕ್ಕಳನ್ನೂ ವಿಜ್ಞಾನಿಗಳನ್ನೂ ಮುಖಾಮುಖಿ ಕೂರಿಸುವ 'ಜಿಜ್ಞಾಸಾ' ಎಂಬ ಕಾರ್ಯಕ್ರಮವೂ 2017ರಲ್ಲಿ ಶುರುವಾಯಿತು.

ಮಕ್ಕಳ ಗುಂಪಿನಲ್ಲಿ ನಮ್ಮ ಹುಡುಗಿ ಹಿಂದೆ ನಿಂತಿದ್ದಳು. ಕೊನೆಗೆ ಧೈರ್ಯ ಮಾಡಿ ಕೇಳಿಯೇಬಿಟ್ಟಳು: "ಮೇಡಂ, ನಮ್ಮನೆ ಪಾಪು ಅಷ್ಟೊಂದು ರಾಗಿ ಸರಿ ತಿಂದ್ರೂ ದಪ್ಪ ಆಗ್ತಿಲ್ಲ, ಯಾಕೆ?"

ಆ ಸಂಶೋಧಕಿ ನಗಲಿಲ್ಲ. "ರಾಗೀನ ಮೊಳಕೆ ಕಟ್ತೀರೇನಮ್ಮಾ?" ಎಂದು ತಿರುಗಿ ಕೇಳಿದರು. ಇಲ್ಲ, ಪುರುಸೊತ್ತಿಲ್ಲದೆ ಹಾಗೇ ಬೀಸಿದ ಹಿಟ್ಟು. ಅವರು ವಿವರಿಸಿದರು: ಹಸಿ ಹಿಟ್ಟು ಕುದಿದಾಗ ಪಿಷ್ಟ ಉಬ್ಬಿ ಗಟ್ಟಿಯಾಗುತ್ತದೆ. ತೆಳ್ಳಗಾಗಲೆಂದು ನೀರು ಸುರಿಯುತ್ತೀರಿ. ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತದೆ. ಕಾಳು ಮೊಳೆತಾಗ ಅದರಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಕತ್ತರಿಸುತ್ತದೆ. ಆಗ ಹೆಚ್ಚು ಹಿಟ್ಟು ಹಾಕಿದರೂ ಸರಿ ತೆಳ್ಳಗೇ ಇರುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯಲ್ಲ, ಮೊಳಕೆ ಕಟ್ಟಿದರೆ ಅದೂ ಮೈಗೆ ಚೆನ್ನಾಗಿ ಹತ್ತುತ್ತದೆ.

ಊರಿಗೆ ಬಂದ ವಾರವೇ ಹುಡುಗಿ ಎರಡು ಬಟ್ಟಲು ಗಟ್ಟಿ ಗಂಜಿ ಇಟ್ಟಳು. ಒಂದಕ್ಕೆ, ಬಿಸಿ ಸ್ವಲ್ಪ ಆರಿದ ಮೇಲೆ, ಒಂದು ಚಮಚ ಮೊಳಕೆ ಹಿಟ್ಟು ಕಲಸಿದಳು. ನೋಡುತ್ತಿದ್ದಂತೆ ಅದು ಹರಿಯುವಷ್ಟು ತೆಳುವಾಯಿತು!

"ಮೊಳಕೆ ಕಟ್ಟು ಅಂತ ಮೊದಲೇ ಬಡ್ಕೊಂಡೆ" ಎಂದರು ಅಕ್ಕನ ಅತ್ತೆ.

"ಯಾಕೆ ಅಂತ ಹೇಳಲಿಲ್ವಲ್ಲಜ್ಜಿ!"

ನೀವೂ ಮಾಡಿ ನೋಡಿ. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಚೆನ್ನಾಗಿ ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಹದವಾಗಿ ಬೆಚ್ಚಗೆ ಮಾಡಿ ಬೀಸಿಸಿ. ಕೆಂಪಗೆ ಹುರಿದರೆ ಕಿಣ್ವ ಸತ್ತೇಹೋಗುತ್ತದೆ. ಗಂಜಿಗೆ ಕಲಸಿದ ಮೇಲೆ ಮತ್ತೊಂದು ಕುದಿ ಬರಿಸಿಯೇ ಮಗುವಿಗೆ ಕೊಡಿ.

ಕೂಸು ಈಗ ಅಂಗಳ ತುಂಬ ಓಡಾಡುತ್ತಿದೆ. ಹುಡುಗಿ ಪಿಯುಸಿಯಲ್ಲಿ ವಿಜ್ಞಾನವೇ ಬೇಕೆಂದು ಹಟ ಹಿಡಿದಿದ್ದಾಳೆ. ನಿಮ್ಮ ಮಕ್ಕಳನ್ನೂ ಇಂಥಲ್ಲಿಗೆ ಕಳಿಸುವಾಗ ಬುತ್ತಿಯ ಜೊತೆ ಅಡುಗೆಮನೆಯ ಪ್ರಶ್ನೆಯೊಂದನ್ನೂ ಕಟ್ಟಿಕೊಡಿ.